ಅಂಗಡಿ ಇಟ್ಟಿದ್ದನ್ನು ಬಯೋಡೇಟಾದಲ್ಲಿ ಬರೆಯಿರಿ

ಪೀಣ್ಯದ ಕಾರ್ಖಾನೆಗಳಿಗೆ ಸ್ಟೋರ್ಸ್, ಪರ್ಚೇಸ್, ಅಕೌಂಟ್ಸ್ ವಿಭಾಗಗಳಿಗೆ ಜನರನ್ನು ಹುಡುಕಿಕೊಡುವುದು ನನ್ನ ಕಸುಬು. ಬಯೋಡೇಟಾ ಎಷ್ಟು ಪುಟವಿರಬೇಕು, ಸಂದರ್ಶನಕ್ಕೆ ಎಂಥ ಅಂಗಿ ತೊಡಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನ್ನ ತಲೆ ಕೆಡಿಸಿರುವುದು ಒಂದೇ ವಿಷಯ. ಕೆಲಸ ಹೋದ ಮೇಲೆ ಎರಡು ಮೂರು ವರ್ಷ ಅಂಗಡಿಯನ್ನೋ ಮೆಸ್ಸನ್ನೋ ನಡೆಸಿ, ಅದು ಕೈಕಚ್ಚಿದ ಮೇಲೆ ಮತ್ತೆ ನೌಕರಿ ಹುಡುಕುವವರು ಆ ವರ್ಷಗಳನ್ನು ಅಳಿಸಿಬಿಡುತ್ತಾರೆ. ಅಳಿಸಿದ ಜಾಗದಲ್ಲಿ ಯಾವುದೋ ಕಂಪನಿಯ ನಕಲಿ ಅನುಭವ ಪತ್ರ ಬಂದು ಕೂತಿರುತ್ತದೆ, ಅದೂ ದುಡ್ಡು ಕೊಟ್ಟು ಮಾಡಿಸಿದ್ದು.

ಸ್ವಾಮಿ, ಅದು ಸಿಕ್ಕಿಬೀಳುತ್ತದೆ. ಸಾವಿರ ಸಲ ಹೇಳಿದರೂ ನಂಬುವುದಿಲ್ಲವಾದ್ದರಿಂದ ಹೇಗೆ ಎಂದು ಬಿಡಿಸಿಯೇ ಹೇಳುತ್ತೇನೆ. 2014ರಿಂದ ಭವಿಷ್ಯ ನಿಧಿಯ (ಪಿಎಫ್) ಸದಸ್ಯರಿಗೆ ಯುಎಎನ್ ಎಂಬ 12 ಅಂಕಿಯ ಒಂದೇ ಸಂಖ್ಯೆ ಇದೆ. ಕಂಪನಿ ಬದಲಾದರೂ ಅದು ಬದಲಾಗದು. ಯಾವ ಸಂಸ್ಥೆ ಯಾವ ತಿಂಗಳು ಎಷ್ಟು ಕಟ್ಟಿತು ಎಂಬುದು ಪಾಸ್‌ಬುಕ್‌ನಲ್ಲಿ ಸಾಲುಸಾಲಾಗಿ ಕಾಣುತ್ತದೆ. ‘ನನ್ನ ಒಟಿಪಿ ಇಲ್ಲದೆ ಅವರು ಹೇಗೆ ನೋಡುತ್ತಾರೆ ಸಾರ್?’ ಎಂದು ಜಾಣರು ಕೇಳುತ್ತಾರೆ. ನೋಡದಿರಬಹುದು. ಆದರೆ ಕೆಲಸಕ್ಕೆ ಸೇರುವ ದಿನ ಹಿಂದಿನ ಪಿಎಫ್ ವಿವರ, ಬಿಟ್ಟ ತಾರೀಖು ಎಲ್ಲವನ್ನೂ ಘೋಷಣಾ ಪತ್ರದಲ್ಲಿ ಬರೆದು ಸಹಿ ಹಾಕುವವರು ನೀವೇ. ಬಯೋಡೇಟಾದಲ್ಲಿ ಒಂದು ತಾರೀಖು, ಅಲ್ಲಿ ಇನ್ನೊಂದು. ‘ಅದು ಸಣ್ಣ ಕಂಪನಿ, ಪಿಎಫ್ ಇರಲಿಲ್ಲ’ ಎನ್ನುವವರೂ ಇದ್ದಾರೆ. 20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವಲ್ಲ, ಒಪ್ಪೋಣ. ಹಾಗಿದ್ದರೆ ತಂದಿರುವ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಏಕಿದೆ?

ಅಂಥ ಚೀಟಿಗಳನ್ನು ಮಾಡಿಕೊಡುವವರಿಗೆ ಲೆಕ್ಕವೂ ಬರುವುದಿಲ್ಲ. ಒಬ್ಬರು ತಂದಿದ್ದ ಚೀಟಿಗಳಲ್ಲಿ ಒಟ್ಟು ಸಂಬಳ 26,000 ರೂಪಾಯಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ 195 ರೂಪಾಯಿ ಎಂದಿತ್ತು. ಶೇಕಡಾ 0.75ರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಇಎಸ್‌ಐಗೆ ತಿಂಗಳ ಸಂಬಳದ ಮಿತಿ 21,000, ಅದಕ್ಕಿಂತ ಹೆಚ್ಚು ಸಂಬಳದವರಿಗೆ ಅದು ಇಲ್ಲ. ನಡುವೆ ಸಂಬಳ ಏರಿ ಮಿತಿ ದಾಟಿದರೆ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ಕಡಿತ ಮುಂದುವರಿಯುತ್ತದೆ, ನಿಜ. ಇಲ್ಲಿ ಎರಡು ವರ್ಷ ಒಂದೇ ಸಮನೆ ಕಡಿದಿದ್ದರು. ಕಾರ್ಖಾನೆಯ ಪರ್ಸನಲ್ ಅಧಿಕಾರಿಗೆ ಇದನ್ನು ಹಿಡಿಯಲು ಒಂದು ನಿಮಿಷ ಬೇಡ.

‘ಆ ಎರಡು ವರ್ಷ ನಿಜವಾಗಿ ಏನು ಮಾಡುತ್ತಿದ್ದಿರಿ?’ ಎಂದೆ. ಲಗ್ಗೆರೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರಂತೆ. ‘ಅದನ್ನೇಕೆ ಬರೆಯಲಿಲ್ಲ?’ ‘ಅದೂ ಒಂದು ಅನುಭವವೇ ಸಾರ್? ಹೊಟ್ಟೆಪಾಡು.’ ಮಾತಿಗೆ ಎಳೆದೆ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಯಾವ ಮಂಡಿಯವರು ಹದಿನೈದು ದಿನ ಸಾಲ ಕೊಡುತ್ತಾರೆ, ತೊಗರಿಬೇಳೆಯ ಮೂಟೆಯನ್ನು ಏಕೆ ಇನ್ನೊಮ್ಮೆ ತೂಗಿಸಬೇಕು, ಯಾವ ಮಾಲು ಎಷ್ಟು ದಿನ ಕೂತರೆ ನಷ್ಟ ಎಂದೆಲ್ಲ ಆ ಮನುಷ್ಯ ತಡವರಿಸದೆ ಹೇಳಿದರು. ಅವರು ಅರ್ಜಿ ಹಾಕಿದ್ದು ಪರ್ಚೇಸ್ ಸಹಾಯಕನ ಹುದ್ದೆಗೆ! ಇಷ್ಟೆಲ್ಲ ತಿಳಿದವರು ಅದನ್ನು ಮುಚ್ಚಿಟ್ಟು, ಸುಳ್ಳು ಕಾಗದವನ್ನು ಮುಂದೆ ಮಾಡಿ ಕೂತಿದ್ದರು.

ನಾಚಿಕೆಯ ಮೂಲ ನನಗೆ ಗೊತ್ತು. ನೆಂಟರಿಷ್ಟರ ಕಣ್ಣಲ್ಲಿ ಐಡಿ ಕಾರ್ಡ್ ಕಳಚಿ ಗಲ್ಲಾದ ಮೇಲೆ ಕೂತವನು ಇಳಿದವನು. ಆ ಅಂಗಡಿಯನ್ನೂ ಮುಚ್ಚಿದರೆ ಸೋತವನು. ಮದುವೆ ಮನೆಯ ಈ ಲೆಕ್ಕವನ್ನು ಕಾರ್ಖಾನೆಯವರು ಹಾಕುವುದಿಲ್ಲ.

ಹೆಂಗಸರದು ಇನ್ನೊಂದು ಬಗೆ. 2020ರ ಲಾಕ್‌ಡೌನ್‌ನಲ್ಲಿ ಗಾರ್ಮೆಂಟ್ ಕೆಲಸ ಕಳೆದುಕೊಂಡ ಒಬ್ಬರು ಮನೆಯಲ್ಲೇ ಮೊದಲು ಮಾಸ್ಕ್, ಆಮೇಲೆ ರವಿಕೆ ಹೊಲಿದು, ಪಕ್ಕದ ಬೀದಿಯ ಮೂವರಿಗೆ ಪೀಸ್ ಲೆಕ್ಕದಲ್ಲಿ ಕೆಲಸವನ್ನೂ ಕೊಟ್ಟಿದ್ದರು. ಬಯೋಡೇಟಾದಲ್ಲಿ ಆ ವರ್ಷಗಳ ಮುಂದೆ ‘ಗೃಹಿಣಿ’ ಎಂದಿತ್ತು. ನನಗೆ ಸಿಟ್ಟೇ ಬಂತು. ಬದಲಾಯಿಸಿ ಕಳುಹಿಸಿದೆವು. ಸಂದರ್ಶನದಲ್ಲಿ ಕೇಳಿದ್ದೆಲ್ಲ ಅದನ್ನೇ: ಪೀಸಿಗೆ ಎಷ್ಟು ಕೊಡುತ್ತಿದ್ದಿರಿ, ಆರ್ಡರ್ ತಡವಾದರೆ ಏನು ಮಾಡುತ್ತಿದ್ದಿರಿ. ಈಗ ಒಂದು ಲೈನಿನ ಸೂಪರ್‌ವೈಸರ್ ಆಗಿದ್ದಾರೆ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ನೌಕರಿಯಲ್ಲಿ ಅಂತರ ಕಂಡೊಡನೆ ಅರ್ಜಿ ಪಕ್ಕಕ್ಕಿಡುವ ಕಂಪನಿಗಳೂ ಇವೆ.

ಬರೆಯುವಾಗ ‘ಸಂಸ್ಥಾಪಕ’ ಎಂಬ ಆಡಂಬರ ಬೇಡ. ಯಾವ ಅಂಗಡಿ, ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ಜನ ಕೆಲಸಕ್ಕಿದ್ದರು, ಖರೀದಿ ಮತ್ತು ಲೆಕ್ಕ ಯಾರದು ಎಂದು ನಾಲ್ಕು ಸಾಲು ಸಾಕು. ಪುರಾವೆಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇವುಗಳಲ್ಲಿ ಇದ್ದದ್ದನ್ನು ಇಟ್ಟುಕೊಳ್ಳಿ. ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವೇ ಇಲ್ಲ. ದುಡ್ಡು ಕೇಳುವವರು ಮಧ್ಯವರ್ತಿಗಳು. ಅಂಗಡಿ ಮುಚ್ಚಿದ ಮೇಲೂ ಜಿಎಸ್‌ಟಿ ನೋಂದಣಿ ರದ್ದು ಮಾಡಿಸದೆ ಬಿಟ್ಟವರು ಮೊದಲು ತೆರಿಗೆ ಸಲಹೆಗಾರರನ್ನು ಕಾಣಿ, ಅದು ನನ್ನ ಕ್ಷೇತ್ರವಲ್ಲ.

ಮಾಲೀಕರ ಕಡೆಯ ಅಳುಕು ಒಂದೇ: ಸ್ವಂತ ವ್ಯಾಪಾರದ ರುಚಿ ಕಂಡವನು ಆರು ತಿಂಗಳಿಗೆ ಬಿಟ್ಟು ಹೋದರೆ? ಅಂಗಡಿ ಏಕೆ ಮುಚ್ಚಿತು ಎಂದು ನೇರವಾಗಿ ಹೇಳಿದವರ ಮೇಲೆ ಈ ಅನುಮಾನ ಕಡಿಮೆ. ಬಾಡಿಗೆ ಏರಿತು, ಸಾಲ ಕೊಟ್ಟದ್ದು ವಸೂಲಾಗಲಿಲ್ಲ, ಎದುರಿಗೇ ದೊಡ್ಡ ಅಂಗಡಿ ಬಂತು, ಇದ್ದದ್ದನ್ನು ಹೇಳಿ. ‘ಆರೋಗ್ಯದ ಕಾರಣ’ ಎಂದರೆ ಮುಂದಿನ ಪ್ರಶ್ನೆ ಆರೋಗ್ಯದ ಬಗ್ಗೆಯೇ ಬರುತ್ತದೆ.

ಅಂಗಡಿ ಮುಚ್ಚದೆ ಹೆಂಡತಿಯೋ ತಮ್ಮನೋ ನಡೆಸುತ್ತಿದ್ದರೆ ವಿಷಯ ಸ್ವಲ್ಪ ನಾಜೂಕು. ಬೇರೆ ವ್ಯಾಪಾರ ಮಾಡುವಂತಿಲ್ಲ ಎಂಬ ಷರತ್ತು ಅನೇಕ ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ಅದನ್ನು ಓದದೆ ಸಹಿ ಹಾಕಬೇಡಿ, ಲೈಸೆನ್ಸ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ, ಸೇರುವ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಪಾಳಿಯ ಹೊತ್ತಿನಲ್ಲಿ ಅಂಗಡಿಯ ಫೋನ್ ಬಂದರೆ ಯಾರು ಎತ್ತುತ್ತಾರೆ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮನೆಯವರೊಡನೆ ಕೂತು ತೀರ್ಮಾನಿಸಿಕೊಂಡೇ ಬನ್ನಿ.