‘ಕನಿಷ್ಠ’ ಎಂಬ ಪದವನ್ನು ನುಂಗಬೇಡಿ

ಸೂರ್ಯನಂಥ ನಕ್ಷತ್ರದ ಸುತ್ತ ಹೊಸ ಗ್ರಹ ಪತ್ತೆಯಾದಾಗಲೆಲ್ಲ ಪತ್ರಕರ್ತರ ಫೋನು ಬರುತ್ತದೆ. ‘ತೂಕ ಎಷ್ಟು ಮೇಡಂ?’ ‘ಭೂಮಿಯ ಕನಿಷ್ಠ ನಾಲ್ಕು ಪಟ್ಟು’ ಎನ್ನುತ್ತೇನೆ. ಅಚ್ಚಾಗುವುದು ‘ಭೂಮಿಯ ನಾಲ್ಕು ಪಟ್ಟು’. ಕತ್ತರಿ ಬೀಳುವುದು ಸದಾ ಆ ಒಂದೇ ಪದಕ್ಕೆ. ಈ ಕನಿಷ್ಠ ದ್ರವ್ಯರಾಶಿಯನ್ನು ‘ಎಮ್ ಸೈನ್ ಐ’ (ಎಮ್ ದ್ರವ್ಯರಾಶಿ, ಐ ಕಕ್ಷೆಯ ಓರೆ) ಎಂದು ಬರೆದು ಕೈತೊಳೆದುಕೊಳ್ಳುವ ನಮ್ಮವರದೂ ತಪ್ಪಿದೆ, ಇರಲಿ.

ನಕ್ಷತ್ರದ ವೇಗ ಅಳೆದು ಗ್ರಹ ಹುಡುಕುವ ವಿಧಾನದಲ್ಲಿ ನಾವು ಗ್ರಹವನ್ನು ನೋಡುವುದಿಲ್ಲ, ಅದು ನಕ್ಷತ್ರವನ್ನು ಅಲುಗಿಸುವುದನ್ನು ಅಳೆಯುತ್ತೇವೆ. ಅದರಲ್ಲೂ ನಕ್ಷತ್ರ ನಮ್ಮತ್ತ ಬರುವ, ನಮ್ಮಿಂದ ಸರಿಯುವ ವೇಗವಷ್ಟೇ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಸಿಗುತ್ತದೆ. ದುಂಡನೆಯ ಓಟದ ಪಥದ ಪಕ್ಕ ನಿಂತು ನೋಡಿ: ಓಟಗಾರ ಹತ್ತಿರ ಬರುತ್ತಾನೆ, ದೂರ ಹೋಗುತ್ತಾನೆ. ಅದೇ ಪಥದ ನಟ್ಟನಡುವಿಗೆ ನೇರ ಮೇಲಿನಿಂದ ನೋಡಿ: ಎಷ್ಟೇ ಜೋರಾಗಿ ಓಡಲಿ, ಅವನಿಗೂ ನಿಮಗೂ ನಡುವಿನ ದೂರ ಬದಲಾಗದು. ನಮ್ಮ ಉಪಕರಣದ ಪಾಲಿಗೆ ಅವನು ಓಡುತ್ತಲೇ ಇಲ್ಲ! ಕಕ್ಷೆ ಹೀಗೆ ನಮ್ಮತ್ತ ಮುಖ ಮಾಡಿದಷ್ಟೂ ವೇಗ ಕಡಿಮೆ ಕಾಣುತ್ತದೆ, ಗ್ರಹ ಹಗುರವೆನಿಸುತ್ತದೆ. ಕಕ್ಷೆಯ ಅಂಚೇ ನಮ್ಮ ಕಡೆಗಿದೆ ಎಂದುಕೊಂಡು ಲೆಕ್ಕ ಹಾಕಿದರೆ ಸಿಗುವುದು ಕನಿಷ್ಠ ದ್ರವ್ಯರಾಶಿ. ನಕ್ಷತ್ರದ ದ್ರವ್ಯರಾಶಿಯ ಅಂದಾಜು ಸರಿಯಿದ್ದರೆ, ನಿಜವಾದದ್ದು ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಲಾರದು.

ಹೆದರಬೇಕಿಲ್ಲ. ಕಕ್ಷೆಗಳು ಎತ್ತ ಬೇಕಾದರೂ ವಾಲಿರಬಹುದು ಎಂದಿಟ್ಟುಕೊಂಡರೆ, ನಿಜವಾದ ದ್ರವ್ಯರಾಶಿ ಕನಿಷ್ಠದ ಎರಡು ಪಟ್ಟು ದಾಟುವ ಸಾಧ್ಯತೆ ನೂರಕ್ಕೆ 13. ಹತ್ತು ಪಟ್ಟು ದಾಟುವುದು 200ರಲ್ಲಿ ಒಂದು. 1995ರಲ್ಲಿ ಖಗೋಳವಿಜ್ಞಾನಿಗಳಾದ ಮೇಯರ್ ಮತ್ತು ಕ್ವೆಲೋಜ್ 51 ಪೆಗಾಸಿ ಎಂಬ ನಕ್ಷತ್ರದ ಸುತ್ತ ಕಂಡ ಗ್ರಹ ಗುರುವಿನ ಅರ್ಧದಷ್ಟಾದರೂ ಇದೆ ಎಂದರೆ ಅದು ಗ್ರಹವೇ ಎಂದು ನಂಬಿ ನಡೆಯಬಹುದು.

ಆದರೆ ಆ 200ರಲ್ಲಿ ಒಂದು ಎದುರಾಗುವುದೂ ಉಂಟು. ಎಚ್‌ಡಿ 114762 ಎಂಬ ನಕ್ಷತ್ರವನ್ನು 84 ದಿನಗಳಿಗೊಮ್ಮೆ ಸುತ್ತುವ ಸಂಗಾತಿಯೊಂದು 1989ರಲ್ಲಿ ಸಿಕ್ಕಿತು. ಗುರುವಿನ ಕನಿಷ್ಠ 11 ಪಟ್ಟು. ಡೇವಿಡ್ ಲೇಥಮ್ ಮತ್ತು ಸಂಗಡಿಗರು ‘ಬಹುಶಃ ಕಂದು ಕುಬ್ಜ’ (ಗ್ರಹಕ್ಕಿಂತ ದೊಡ್ಡದು, ನಕ್ಷತ್ರವಾಗಲು ಸಾಲದ್ದು) ಎಂದು ಎಚ್ಚರದಿಂದಲೇ ಬರೆದರು. ಸೌರಮಂಡಲದಾಚೆಯ ಮೊದಲ ಗ್ರಹವೆಂಬ ಕಿರೀಟ ತೊಡಿಸಲು ಹೊರಟವರು ಆಮೇಲಿನವರು. ಮೂವತ್ತು ವರ್ಷಗಳ ಬಳಿಕ ಗಯಾ ವ್ಯೋಮನೌಕೆಯ ಅಳತೆಗಳು ಬಂದವು: ನಾವು ಆ ಕಕ್ಷೆಯನ್ನು ಹೆಚ್ಚುಕಡಿಮೆ ಮೇಲಿನಿಂದಲೇ ನೋಡುತ್ತಿದ್ದೆವು. ಸಂಗಾತಿ ಗುರುವಿನ ನೂರು ಪಟ್ಟಿಗೂ ಮಿಕ್ಕಿ ಇತ್ತು. ಅದು ಪುಟ್ಟದೊಂದು ನಕ್ಷತ್ರ.

ನಕ್ಷತ್ರದ ಮುಂದೆಯೇ ಹಾದುಹೋಗುವ ಗ್ರಹಗಳಲ್ಲಿ ಈ ಪೀಕಲಾಟವಿಲ್ಲ. ಕಕ್ಷೆಯ ಓರೆ ತಾನಾಗಿಯೇ ತಿಳಿಯುತ್ತದೆ.

ಒಮ್ಮೆ ಉಪನ್ಯಾಸದಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಶಾಲಾ ಹುಡುಗಿಯೊಬ್ಬಳು ಎದ್ದು ನಿಂತಳು. ‘ಹಾಗಾದ್ರೆ ಮಿಸ್, ಮೇಲಿಂದ ನೋಡ್ತಿರೋ ನಕ್ಷತ್ರಗಳಲ್ಲಿ ಗ್ರಹ ಇದ್ರೂ ನಿಮಗೆ ಗೊತ್ತೇ ಆಗಿರಲ್ಲ, ಅಲ್ವಾ?’ ದೊಡ್ಡವರು ಯಾರೂ ಕೇಳಿರಲಿಲ್ಲ. ಅವಳಿಗೆ ಟೌ ಸೆಟಿಯ ಕತೆ ಹೇಳಿದೆ. 12 ಜ್ಯೋತಿರ್ವರ್ಷ ದೂರದ ಆ ನಕ್ಷತ್ರದ ಧ್ರುವವೇ ನಮ್ಮತ್ತ ತಿರುಗಿರುವಂತಿದೆ, ಅಂದರೆ ಅದರ ಗ್ರಹಗಳಿದ್ದರೆ ಅವುಗಳ ಕಕ್ಷೆಗಳನ್ನೂ ನಾವು ಮೇಲಿನಿಂದಲೇ ನೋಡುತ್ತಿರಬಹುದು. ಅಲ್ಲಿ ಗ್ರಹಗಳಿವೆಯೆಂದು 2012ರಿಂದ ಹೇಳುತ್ತಲೂ ಇದ್ದೇವೆ, ಅನುಮಾನಿಸುತ್ತಲೂ ಇದ್ದೇವೆ. ‘ಬರಿಗಣ್ಣಿಗೆ ಕಾಣುತ್ತಾ?’ ಎಂದಳು. ಕಾಣುತ್ತದೆ ಎಂದೆ. ನಕ್ಷತ್ರದ ಹೆಸರನ್ನು ಅಂಗೈ ಮೇಲೆ ಬರೆದುಕೊಂಡಳು.