ಖಜಾನೆಯಿಂದ ಹೊರಟ ಹಣ ಶಾಲೆ ಮುಟ್ಟದೇ ಹೋದಾಗ: ಉಗಾಂಡಾದ ಲೆಕ್ಕ

1990ರ ದಶಕದ ಆರಂಭದಲ್ಲಿ ಉಗಾಂಡಾ ಸರ್ಕಾರ ಪ್ರಾಥಮಿಕ ಶಿಕ್ಷಣದ ಖರ್ಚನ್ನು ಹೆಚ್ಚಿಸುತ್ತಲೇ ಇತ್ತು. ಆದರೂ ಸರ್ಕಾರಿ ಅಂಕಿಅಂಶದಲ್ಲಿ ಮಕ್ಕಳ ದಾಖಲಾತಿ ಇದ್ದಲ್ಲೇ ಇತ್ತು. ಹಾಗಾದರೆ ದುಡ್ಡು ಎಲ್ಲಿ ಹೋಯಿತು?

ಉತ್ತರ ಹುಡುಕಲು 1996ರಲ್ಲಿ 18 ಜಿಲ್ಲೆಗಳ 250 ಸರ್ಕಾರಿ ಶಾಲೆಗಳ ಲೆಕ್ಕ ತೆಗೆಯಲಾಯಿತು. ವಿಧಾನ ಸರಳ, ಕೆಲಸ ಮಾತ್ರ ಬೆವರಿಳಿಸುವಂಥದ್ದು. ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಮೊತ್ತ ಒಂದು ಕಡೆ, ಶಾಲೆಯ ಪುಸ್ತಕದಲ್ಲಿ ಜಮೆಯಾದ ಮೊತ್ತ ಇನ್ನೊಂದು ಕಡೆ. ಪುಸ್ತಕ, ಪಾಠೋಪಕರಣಗಳಿಗೆಂದು ಪ್ರತಿ ಮಗುವಿನ ಲೆಕ್ಕದಲ್ಲಿ ಕೊಡುತ್ತಿದ್ದ ತಲಾ ಅನುದಾನದಲ್ಲಿ 1991ರಿಂದ 95ರವರೆಗೆ ಶಾಲೆಗಳಿಗೆ ಸರಾಸರಿ ಶೇ 13ರಷ್ಟು ಮಾತ್ರ ತಲುಪಿತ್ತು. ಬಹುಪಾಲು ಶಾಲೆಗಳಿಗೆ ಒಂದು ಶಿಲ್ಲಿಂಗ್ ಕೂಡ ಬಂದಿರಲಿಲ್ಲ. ಅಲ್ಲಿ ಶಾಲೆ ನಡೆಸಿದ್ದು ಪೋಷಕರ ವಂತಿಗೆ.

ಸೋರಿದ್ದು ಜಿಲ್ಲಾ ಕಚೇರಿಯ ಮಟ್ಟದಲ್ಲಿ. ಆದರೆ ಅದೇ ಕಚೇರಿಗಳಲ್ಲಿ ಶಿಕ್ಷಕರ ಸಂಬಳ ಇಷ್ಟು ಸೋರಲಿಲ್ಲ, ಇಡೀ ಪ್ರಕರಣದ ಕೀಲಿ ಇರುವುದು ಇಲ್ಲೇ. ಸಂಬಳ ಎಷ್ಟು ಬರಬೇಕೆಂದು ಶಿಕ್ಷಕರಿಗೆ ಗೊತ್ತು, ಬಾರದಿದ್ದರೆ ಕೇಳುತ್ತಾರೆ. ಅನುದಾನ ಎಷ್ಟು, ಯಾವಾಗ ಬರಬೇಕು ಎಂಬುದು ಎಷ್ಟೋ ಮುಖ್ಯೋಪಾಧ್ಯಾಯರಿಗೇ ಗೊತ್ತಿರಲಿಲ್ಲ. ಜಗ್ಗಿ ಕೇಳುವ ಶಕ್ತಿಯಿದ್ದ ಅನುಕೂಲಸ್ಥರ ಊರಿನ ಶಾಲೆಗಳು ಹೆಚ್ಚು ಪಡೆದವು. ಬಡ ಮಕ್ಕಳ ಪಾಲಿನದ್ದೇ ಹೆಚ್ಚು ಕಳೆದುಹೋಯಿತು. ಇದು ಅನ್ಯಾಯದ ಮೇಲೆ ಅನ್ಯಾಯ.

ಸರ್ಕಾರ ಆಮೇಲೆ ಜಿಲ್ಲೆಗಳಿಗೆ ಬಿಟ್ಟ ಮೊತ್ತವನ್ನು ತಿಂಗಳು ತಿಂಗಳು ಪತ್ರಿಕೆಗಳಲ್ಲಿ ಅಚ್ಚುಹಾಕಿಸಿತು. ಬಂದ ಹಣದ ವಿವರವನ್ನು ಶಾಲೆಯ ಗೋಡೆಗೆ ಅಂಟಿಸಬೇಕೆಂದು ಆದೇಶಿಸಿತು. 2001ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಹಣ ಶಾಲೆ ಮುಟ್ಟುತ್ತಿತ್ತು. ಪತ್ರಿಕೆ ಮಾರುವ ಜಾಗಕ್ಕೆ ಹತ್ತಿರದ ಶಾಲೆಗಳಲ್ಲಿ ಸುಧಾರಣೆ ಇನ್ನೂ ಚೆನ್ನಾಗಿತ್ತು.

ಶ್ರೇಯಸ್ಸೆಲ್ಲ ಪತ್ರಿಕೆಗಳದ್ದೇ ಎನ್ನಲಾಗದು. 1997ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕ ರದ್ದಾಗಿ ಮಕ್ಕಳ ಸಂಖ್ಯೆ ಸುಮಾರು 30 ಲಕ್ಷದಿಂದ 53 ಲಕ್ಷಕ್ಕೆ ಜಿಗಿದಿತ್ತು. ಅನುದಾನದ ಮೊತ್ತವೂ ಬೆಳೆಯಿತು, ನೆರವು ಕೊಡುವ ದೇಶಗಳ ನಿಗಾ ಬಿಗಿಯಾಯಿತು, ಶಾಲೆಯ ಹಣವನ್ನು ಬೇರೆ ಬಾಬತ್ತಿಗೆ ತಿರುಗಿಸದಂತೆ ನಿಯಮಗಳೂ ಬಂದವು. ಒಟ್ಟು ಮೊತ್ತ ಬೆಳೆದಾಗ ಸೋರಿಕೆಯ ಶೇಕಡಾವಾರು ಇಳಿದಷ್ಟು ವೇಗದಲ್ಲಿ ಸೋರಿದ ಹಣ ಇಳಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಸೋರಿಕೆ ಗೋಡೆಯ ಮೇಲಿನ ಚೀಟಿಗೆ ಸಿಗುವಂಥದ್ದಲ್ಲ. 2002–03ರಲ್ಲಿ ಹೇಳದೆ ಕೇಳದೆ ಶಾಲೆಗಳಿಗೆ ಹೋಗಿ ನೋಡಿದಾಗ ಉಗಾಂಡಾದಲ್ಲಿ ಶೇ 27, ಭಾರತದಲ್ಲಿ ಶೇ 25, ಪೆರುವಿನಲ್ಲಿ ಶೇ 11ರಷ್ಟು ಶಿಕ್ಷಕರು ಶಾಲೆಯಲ್ಲಿರಲಿಲ್ಲ. ರಜೆ, ಕಚೇರಿ ಕೆಲಸವೆಂದು ಹೋದವರೂ ಇದರಲ್ಲಿ ಸೇರಿದ್ದಾರೆ. ತರಗತಿಯ ಮಕ್ಕಳಿಗೆ ಮಾತ್ರ ಎಲ್ಲ ಗೈರುಹಾಜರಿಯೂ ಒಂದೇ.