ಹಬ್ಬದ ರಜೆಯೂ ಒಂದೇ ಕೈಬರಹದ ಪಟ್ಟಿಯೂ

ಹಬ್ಬದ ರಜೆ ಮುಗಿದ ಮರುವಾರ ಆಪ್ತಸಮಾಲೋಚನೆಗೆ ಬರುವವರಲ್ಲಿ ಅನೇಕರು ಮೊದಲು ತೆಗೆಯುವುದು ದಣಿವಿನ ಮಾತು. ಅಂಥ ಒಬ್ಬ ಮಹಿಳೆ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಚೀಲದಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರಿಗೆ ಯಾವ ಕೋಣೆ, ಯಾರು ಏನನ್ನು ತಿನ್ನುವುದಿಲ್ಲ, ಯಾವ ಮಗುವಿಗೆ ಯಾವ ಉಡುಗೊರೆ ಎಂಬುದೆಲ್ಲ ಎರಡೂ ಬದಿಗೆ ತುಂಬಿತ್ತು. ಪ್ರತಿ ಸಾಲಿನ ಮೇಲೂ ಅಚ್ಚುಕಟ್ಟಾಗಿ ಗೆರೆ ಎಳೆದಿತ್ತು. ಎಲ್ಲವೂ ಚೆನ್ನಾಗಿಯೇ ನಡೆಯಿತು, ಆದರೆ ಯಾರೊಡನೆಯೂ ಹತ್ತು ನಿಮಿಷ ಕುಳಿತು ಮಾತನಾಡಲಾಗಲಿಲ್ಲ ಎಂದರು. ಹಾಳೆಯ ತುಂಬ ಇದ್ದದ್ದು ಒಂದೇ ಕೈಬರಹ.

ಸಂತೋಷದ ದಿನಗಳು ಹೀಗೆ ಹಿಂಡಿಹಾಕುವುದು ವಿಚಿತ್ರವೇನಲ್ಲ. ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಪ್ರಕಟಿಸಿದ, ಬದುಕಿನ 43 ಘಟನೆಗಳ ಒತ್ತಡದ ಅಳತೆಪಟ್ಟಿಯಲ್ಲಿ ಸಂಗಾತಿಯ ಸಾವಿಗೆ 100 ಅಂಕಗಳಿದ್ದರೆ, ರಜೆಯ ಪ್ರವಾಸಕ್ಕೆ 13, ಕ್ರಿಸ್‌ಮಸ್‌ಗೆ 12 ಅಂಕಗಳಿವೆ. ಅವರು ಅಳೆದದ್ದು ದುಃಖವನ್ನಲ್ಲ, ಒಂದು ಘಟನೆಗೆ ಹೊಂದಿಕೊಳ್ಳಲು ಮನುಷ್ಯ ಎಷ್ಟು ಶ್ರಮ ಪಡಬೇಕು ಎಂಬುದನ್ನು. ಆ ಅಂಕಗಳನ್ನು ಜ್ವರಮಾಪಕದ ಹಾಗೆ ಓದಬಾರದು ನಿಜ. ಆದರೂ ನಿದ್ದೆ, ಊಟ, ಖರ್ಚು, ಮನೆಯೊಳಗಿನ ಜನಸಂಖ್ಯೆ ಎಲ್ಲವೂ ಒಂದೇ ವಾರದಲ್ಲಿ ಬದಲಾದಾಗ ದೇಹ ಅದನ್ನು ಹೊರೆಯೆಂದೇ ಎಣಿಸುತ್ತದೆ.

ಆ ಹೊರೆ ಒಬ್ಬರ ತಲೆಯ ಮೇಲೆಯೇ ಕೂರುವುದೇಕೆ ಎಂಬುದು ನನಗೆ ಇನ್ನೂ ಮುಖ್ಯವಾದ ಪ್ರಶ್ನೆ. ಮನೋವಿಜ್ಞಾನಿಗಳಾದ ಮೈಕೇಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ಕೆಲಸಗಳಲ್ಲಿ ತಮ್ಮ ಪಾಲೆಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕೇಳಿದಾಗ, ಇಬ್ಬರ ಉತ್ತರಗಳ ಮೊತ್ತ ಹೆಚ್ಚಿನ ಜೋಡಿಗಳಲ್ಲಿ ಶೇಕಡಾ ನೂರನ್ನು ಮೀರಿತ್ತು. ಮಾಡಿದ ಕೆಲಸ ಮಾಡಿದವರ ನೆನಪಿನಲ್ಲಿ ಉಳಿಯುತ್ತದೆ, ಮತ್ತೊಬ್ಬರದು ಕಣ್ಣಿಗೇ ಬಿದ್ದಿರುವುದಿಲ್ಲ. ಆದ್ದರಿಂದ "ಎಲ್ಲವನ್ನೂ ನಾನೇ ಮಾಡಿದೆ" ಎಂಬ ಜಗಳದಲ್ಲಿ ಸಾಮಾನ್ಯವಾಗಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಎಲ್ಲಕ್ಕಿಂತ ಕಾಣದ ಕೆಲಸವೆಂದರೆ ನೆನಪಿಟ್ಟುಕೊಳ್ಳುವುದು. "ಏನು ಮಾಡಬೇಕು ಹೇಳು, ಮಾಡುತ್ತೇನೆ" ಎನ್ನುವವರು ಕೈಯನ್ನಷ್ಟೇ ಕೊಡುತ್ತಾರೆ; ಮೇಲ್ವಿಚಾರಣೆ ಇದ್ದಲ್ಲೇ ಉಳಿಯುತ್ತದೆ.

ಹೀಗಾಗಿ ರಜೆಗೆ ಎರಡು ವಾರ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು, ತಪ್ಪಿಹೋದರೆ ಬೇಸರವಾಗುವಂಥದ್ದು ಯಾವುದು ಎಂದು ತಲಾ ಒಂದನ್ನು ಮಾತ್ರ ಹೇಳಿ ಎನ್ನುತ್ತೇನೆ. ಸಾಮಾನ್ಯವಾಗಿ ಬರುವುದು ತೀರ ಸಣ್ಣ ಉತ್ತರಗಳು: ತಡವಾಗಿ ಏಳುವುದು, ಅಜ್ಜನೊಡನೆ ಸಂಜೆಯ ನಡಿಗೆ, ಹಳೆಯ ಫೋಟೊಗಳನ್ನು ನೋಡುವುದು. ಯಾರ ಬಾಯಲ್ಲೂ ಬಾರದ ಏರ್ಪಾಡುಗಳನ್ನು, ಅವು ಎಷ್ಟೇ ವರ್ಷಗಳಿಂದ ನಡೆದುಬಂದಿರಲಿ, ಈ ಸಲಕ್ಕೆ ಕೈಬಿಡಬಹುದು. ಉಳಿದ ಕೆಲಸಗಳನ್ನು ತುಂಡುತುಂಡಾಗಿ ಹಂಚದೆ ಇಡಿಯಾಗಿ ಒಪ್ಪಿಸಬೇಕು. ಮಲಗುವ ವ್ಯವಸ್ಥೆಯನ್ನು ಮಗ ವಹಿಸಿಕೊಂಡರೆ ದಿಂಬು ಎಣಿಸುವುದೂ, ಸಾಲದಿದ್ದರೆ ತರುವುದೂ ಅವನದೇ. ಒಪ್ಪಿಸಿದವರು ಹಿಂದೆಯೇ ಹೋಗಿ ಹೊದಿಕೆಯ ಸುಕ್ಕು ಸರಿಮಾಡಿದರೋ, ಕೆಲಸ ಅಲ್ಲಿಂದಲೇ ಮರಳಿ ಅವರ ಪಾಲಿಗೆ ಬರುತ್ತದೆ. ನನ್ನ ಬಳಿ ಬಂದವರಿಗೆ ಅತ್ಯಂತ ಕಷ್ಟವೆನಿಸಿದ್ದು ಈ ಭಾಗ, ನನಗೂ ಹೌದು.

ಉಡುಗೊರೆಗಳ ಖರ್ಚಿನ ಮಿತಿ, ನೆಂಟರು ಹೊರಡುವ ದಿನ ಇವೆರಡನ್ನೂ ಮೊದಲೇ ಮಾತಾಡಿಕೊಂಡರೆ ಸಾಕು. ಆ ವರ್ಷ ಸಾವು ಕಂಡ ಮನೆಯಾದರೆ ಮಾತ್ರ ಲೆಕ್ಕ ಬೇರೆ; ಅಲ್ಲಿ ನಗುತ್ತಿರಬೇಕೆಂಬ ಒತ್ತಾಯವನ್ನು ಯಾರ ಮೇಲೂ ಹೇರಬಾರದು.

ಆ ಮಹಿಳೆ ಮುಂದಿನ ವರ್ಷವೂ ಹಾಳೆ ತಂದಿದ್ದರು. ಅದರಲ್ಲಿ ಮೂರು ಕೈಬರಹಗಳಿದ್ದವು, ಕೆಲವು ಸಾಲುಗಳಿಗೆ ಗೆರೆಯೇ ಬಿದ್ದಿರಲಿಲ್ಲ. ಹೊದಿಕೆಗಳು ಎರಡು ಕಡಿಮೆ ಬಿದ್ದು ಮಕ್ಕಳು ಒಂದರೊಳಗೇ ಮೂವರು ಮಲಗಿದ್ದರಂತೆ. ಅವರ ಪಿಸುಮಾತು ತಮಗೆ ಪಕ್ಕದ ಕೋಣೆಯಲ್ಲಿ ನಿದ್ದೆ ಹತ್ತುವವರೆಗೂ ಕೇಳಿಸುತ್ತಿತ್ತು ಎಂದರು.